ಹದಿನೇಳನೇ ಕಲಮು

ಕರಾರು ಅಂದರೆ ಬರೀ ಕಾಗದ ಅನ್ನುವ ಕಾಲ ಒಂದಿತ್ತಂತೆ. ಸಹಿ ಹಾಕಿ ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು. ಮನಸ್ಸಿದ್ದವರು ಪಾಲಿಸಿದರು, ಇಲ್ಲದವರು ಕೋರ್ಟಿಗೆ ಅಲೆದರು. ನಮ್ಮ ಕಾಲಕ್ಕೆ ಕರಾರು ಮೈಯೊಳಗೇ ಇಳಿದಿತ್ತು. ಕೆಲಸಕ್ಕೆ ಸೇರುವವರ ಎಡಗಿವಿಯ ಹಿಂದೆ, ಚರ್ಮದ ಅಡಿಯಲ್ಲಿ, ಜೋಳದ ಕಾಳಿನಷ್ಟು ದಪ್ಪದ ಒಂದು ಮಣಿ ಕೂರಿಸುತ್ತಿದ್ದರು. ಕರಾರಿನಲ್ಲಿ ಏನು ಬರೆದಿದೆಯೋ ಅದನ್ನು ಆ ಮಣಿಯೇ ಜಾರಿ ಮಾಡುತ್ತಿತ್ತು. ಹಾಜರಿ ಹಾಕುವುದೂ ಅದೇ, ರಜೆ ಲೆಕ್ಕ ಇಡುವುದೂ ಅದೇ. ಕೆಲಸ ಬಿಟ್ಟವರಿಗೆ ಏನು ಮಾಡಬೇಕು ಅನ್ನುವುದೂ ಅದಕ್ಕೇ ಗೊತ್ತು.

ನಾನು ಸುಲೋಚನಾ ಹಲಗೇರಿ. ರಾಣೆಬೆನ್ನೂರಿನ ತ್ರಿಪರ್ಣ ಬೀಜ ಕಂಪನಿಯ ಗೇಟಿನ ಪಕ್ಕದ ಹಾಲ್‌ನಲ್ಲಿ ಹತ್ತೊಂಬತ್ತು ವರ್ಷ ಕರಾರು ಓದಿದವಳು. ಮಣಿ ಕೂರಿಸಿದ ಮೇಲೆ, ಹೆಬ್ಬೆಟ್ಟು ಒತ್ತುವ ಮುಂಚೆ, ಕರಾರಿನ ಪ್ರತಿ ಕಲಮನ್ನೂ ಕೆಲಸಗಾರರಿಗೆ ಅವರ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು ಅಂತ ಕಾನೂನು. ಹಾಗಂತ ಅವರೆಲ್ಲ ಓದು ಬಾರದವರಲ್ಲ. ಓದು ಬಂದವರೂ ಕರಾರು ಓದುವುದಿಲ್ಲ ಅನ್ನುವುದು ಸರ್ಕಾರಕ್ಕೆ ಗೊತ್ತಾಗಿತ್ತು, ಅಷ್ಟೇ. ಅದಕ್ಕೇ ಓದುಗರ ಮಂಡಳಿ ಮಾಡಿ ನಮ್ಮಂಥವರನ್ನು ನೇಮಿಸಿದರು.

ಕಾಯಂ ನೌಕರರಿಗೆ ಒಂದು ಬಗೆಯ ಕರಾರು, ಹಂಗಾಮಿಗೆ ಬಂದು ಹೋಗುವವರಿಗೆ ಇನ್ನೊಂದು, ದಿನಗೂಲಿಯವರಿಗೆ ಮತ್ತೊಂದು, ಕೆಲಸ ಕಲಿಯಲು ಬಂದವರಿಗೆ ಬೇರೆಯದೇ. ಕಾಯಂ ಕರಾರಿಗೆ ನಲವತ್ತೊಂದು ಕಲಮು, ದಿನಗೂಲಿಯದಕ್ಕೆ ಇಪ್ಪತ್ತಾರು. ಯಾವುದನ್ನು ತೆಗೆದರೂ ಹದಿನೇಳನೆಯದು ಮಾತ್ರ ಒಂದೇ, ಎರಡೂವರೆ ಪುಟ ಉದ್ದ.

ನನ್ನ ನಾದಿನಿ ಹೊನ್ನವ್ವ ಅದೇ ಕಂಪನಿಯಲ್ಲಿ ಆರು ವರ್ಷ ಕ್ರಾಸಿಂಗ್ ಮಾಡಿದಳು. ಬೀಜದ ಊರಿನವರಲ್ಲದವರಿಗೆ ಹೇಳಿಬಿಡುತ್ತೇನೆ. ನಾಳೆ ಅರಳಬೇಕಾದ ಮೆಣಸಿನ ಮೊಗ್ಗನ್ನು ಇವತ್ತು ಸಂಜೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಚಿಮ್ಮಟದಿಂದ ಕೀಳಬೇಕು. ಬೆಳಗ್ಗೆ ಇನ್ನೊಂದು ತಳಿಯ ಪರಾಗ ತಂದು ಅದಕ್ಕೆ ಮುಟ್ಟಿಸಬೇಕು. ಆಗ ಸಂಕರ ಬೀಜ ಕಟ್ಟುತ್ತದೆ. ಕಂಪನಿ ಒಮ್ಮೆ ಯಂತ್ರದ ಕೈ ತಂದು ನೋಡಿತ್ತು. ಅದು ಮೊಗ್ಗನ್ನೆಲ್ಲ ಮುರಿದು ನೆಲಕ್ಕೆ ಚೆಲ್ಲಿತು, ಅಲ್ಲಿಗೆ ಆ ಹುರುಪು ಇಳಿಯಿತು. ಹೊನ್ನವ್ವ ಮಾತ್ರ ಪಕ್ಕದವಳ ಜೊತೆ ಜಗಳ ಆಡುತ್ತಲೇ ಒಂದು ಸಂಜೆಗೆ ಆರುನೂರು ಮೊಗ್ಗು ಮುಗಿಸುತ್ತಿದ್ದಳು. ಅವಳಿಗೆ ಅದನ್ನು ಕಲಿಸಿದ್ದು ನಮ್ಮ ಅತ್ತೆ. ಕಂಪನಿ ಹುಟ್ಟುವ ಮುಂಚೆ ಆಕೆ ಬೇರೆಯವರ ಹೊಲದಲ್ಲಿ ಇದೇ ಕೆಲಸ ಮಾಡಿದವಳು.

ಹೋದ ವರ್ಷ ಯುಗಾದಿ ಮುಗಿಸಿ ಹೊನ್ನವ್ವ ಕೆಲಸ ಬಿಟ್ಟಳು. ಕೆಲಸ ಬಿಟ್ಟ ಹೆಂಗಸರು ಇಪ್ಪತ್ತು ಮಂದಿ ಸೇರಿ, ಒಬ್ಬೊಬ್ಬರು ಐದು ಗುಂಟೆಯಲ್ಲಿ ಮೆಣಸಿನ ಬೀಜ ಮಾಡುವುದು ಅಂತ ಮಾತಾಗಿತ್ತು. ನಮ್ಮ ಕಡೆ ಮುಯ್ಯಿ ಅಂತ ಒಂದು ಪದ್ಧತಿ ಇದೆ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿ ಇಲ್ಲ, ಕಾಗದ ಇಲ್ಲ, ಹೆಬ್ಬೆಟ್ಟಿಲ್ಲ. ಮೊಗ್ಗು ಯಾರಿಗೂ ಕಾಯುವುದಿಲ್ಲವಲ್ಲ, ಒಂದೇ ಸಂಜೆಗೆ ಇಪ್ಪತ್ತು ಜೊತೆ ಕೈ ಬಿದ್ದರೆ ಮಾತ್ರ ಒಂದು ಹೊಲ ಮುಗಿಯುತ್ತದೆ.

ಕೆಲಸ ಬಿಟ್ಟ ಮೂರನೇ ದಿನ ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡಲು ಕೂತವಳು ಹಾಗೇ ಕೂತೇ ಇದ್ದಳು. ಬಟ್ಟಲಲ್ಲಿ ಪುಡಿ ಇದೆ, ಕೈ ಬಟ್ಟಲಿಗೆ ಹೋಗುತ್ತದೆ, ಎರಡು ಬೆರಳು ಒಂದಕ್ಕೊಂದು ಹತ್ತಿರ ಬರುತ್ತವೆ, ಕೂಡುವ ಹೊತ್ತಿಗೆ ಬಿಟ್ಟುಕೊಳ್ಳುತ್ತವೆ. ಚಳಿ ಹಿಡಿದಿದೆ ಅಂದುಕೊಂಡು ಬಿಸಿ ಎಣ್ಣೆ ಹಚ್ಚಿದೆ. ಸಂಜೆ ಹೊತ್ತಿಗೆ ಕುಪ್ಪಸದ ಹುಕ್ಕು ಹಾಕಲು ಬರಲಿಲ್ಲ. ಉಪ್ಪು ಚಿಟಿಕೆ ಹಿಡಿಯಲು ಬರಲಿಲ್ಲ. ರೊಟ್ಟಿ ಮುರಿಯಲು ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಗಾದೆ ಹೇಳುತ್ತಿದ್ದೆವಲ್ಲ, ಅದನ್ನು ಕಣ್ಣಾರೆ ನೋಡಿದೆ. ನಾನು ರೊಟ್ಟಿ ಚೂರು ಮಾಡಿ ಸಾರಿನಲ್ಲಿ ನೆನೆಸಿ ಕೊಟ್ಟೆ. ಅವಳು ಅಂಗೈಯಿಂದ ಬಾಚಿ ತಿಂದಳು. ಐವತ್ತರ ಹೆಂಗಸು ಹಾಗೆ ತಿನ್ನುವುದನ್ನು ನೋಡಲಾಗದೆ ನಾನು ಎದ್ದು ಹಿತ್ತಲಿಗೆ ಹೋದೆ.

ವಾರದೊಳಗೆ ಉಳಿದ ಹತ್ತೊಂಬತ್ತು ಮಂದಿಯದೂ ಅದೇ ಕಥೆ ಆಯಿತು. ಇದಕ್ಕೂ ಮುಂಚೆ ಕೆಲಸ ಬಿಟ್ಟವರು ದೂರದ ಊರುಗಳವರು, ಅವರ ಕೈಗೆ ಏನಾಯಿತು ಅಂತ ನಮ್ಮ ಓಣಿಗೆ ಸುದ್ದಿ ಬಂದಿರಲಿಲ್ಲ. ಓಣಿಯ ಹೆಂಗಸರು ಬೆಳಗ್ಗೆ ಎದ್ದು ಮನೆ ಮನೆಗೆ ಹೋಗಿ ಇವರ ಹುಕ್ಕು ಹಾಕಿ, ತಲೆ ಬಾಚಿ, ಕುಂಕುಮ ಇಟ್ಟು ಬರುವುದು ರೂಢಿಯಾಯಿತು. ಫಕೀರವ್ವ ಅನ್ನುವವಳು ರಂಗೋಲಿ ಪುಡಿಯನ್ನು ಸೋಸುವ ಜರಡಿಯಲ್ಲಿ ಹಾಕಿ ಅಂಗಳಕ್ಕೆ ಉದುರಿಸುತ್ತಿದ್ದಳು. ಕೇಳಿದರೆ ಹೊಸಾ ನಮೂನಿ ಅಂತ ನಗುತ್ತಿದ್ದಳು.

ನಾನು ಸೀದಾ ಕಂಪನಿಯ ಕಂಟ್ರೋಲ್ ರೂಮಿಗೆ ಹೋದೆ. ಅಲ್ಲಿ ಮಣಿಗಳ ಉಸ್ತುವಾರಿ ಬಾಳಿಗಾ ಅನ್ನುವ ಎಂಜಿನಿಯರನದು, ಮಂಗಳೂರಿನವನು, ಒಳ್ಳೆಯ ಮನುಷ್ಯ. ಗೋಡೆ ತುಂಬ ಪರದೆ, ಪರದೆ ತುಂಬ ಚುಕ್ಕಿ, ಒಂದೊಂದು ಚುಕ್ಕಿ ಒಬ್ಬೊಬ್ಬ ಕೆಲಸಗಾರಳು. ಹೊನ್ನವ್ವನ ಚುಕ್ಕಿ ಕೆಂಪಗಿತ್ತು. ಅವನು ನಿಧಾನವಾಗಿ ವಿವರಿಸಿದ. ಕೆಲಸ ಮಾಡುವಾಗ ಮಿದುಳು ಕೈಗೆ ಕಳಿಸುವ ಆಜ್ಞೆಯನ್ನು ಮಣಿ ದಿನಾ ಕೇಳಿಸಿಕೊಂಡು ಗುರುತು ಇಟ್ಟುಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೆ ಅದೇ ಆಜ್ಞೆ ಹೊರಟರೆ ಎದುರಿನಿಂದ ಸಣ್ಣ ಅಲೆ ಕಳಿಸಿ ಅಳಿಸಿಬಿಡುತ್ತದೆ. ಕಂಪನಿಯಲ್ಲಿ ಪಳಗಿದ ಕೈ ಬೇರೆ ಕಂಪನಿಗೆ ದುಡಿಯಬಾರದು ಅಂತ ಮೂರು ವರ್ಷದ ಬೀಗ. ಆದರೆ ಮೊಗ್ಗು ಹಿಡಿಯುವ ಆಜ್ಞೆ, ಉಪ್ಪು ಹಿಡಿಯುವ ಆಜ್ಞೆ, ಎರಡರ ವ್ಯತ್ಯಾಸ ಮಣಿಗೆ ತಿಳಿಯುವುದಿಲ್ಲ.

"ಬೆರಳಿಗೆ ಎಂತದೂ ಆಗ್ಲಿಲ್ಲ ಮೇಡಂ," ಅಂದ. "ಹದಿನೇಳನೇ ಕಲಮು ಉಂಟಲ್ಲ, ಅದರಲ್ಲೇ ಬರೆದದ್ದು. ಓದಿ ಹೇಳಿದ್ದು ನೀವೇ ಅಲ್ವಾ?"

ನಾನು ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿ ಎದ್ದು ಬಂದೆ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಮಣಿ ಕೂರಿಸುವ ದಿನ ಹೊಟ್ಟೆ ಖಾಲಿ ಇರಬೇಕು, ನೀರು ಕೂಡ ಕುಡಿಯುವಂತಿಲ್ಲ. ಬೆಳಗ್ಗೆ ಎಂಟಕ್ಕೆ ಮಣಿ ಕೂರಿಸಿ ಹಾಲ್‌ಗೆ ಕಳಿಸುತ್ತಿದ್ದರು. ಅಲ್ಲಿ ನನ್ನ ಓದು. ಹದಿನಾರನೇ ಕಲಮು ಮುಗಿಯುವ ಹೊತ್ತಿಗೆ ಸರಿಯಾಗಿ ಬುಟ್ಟಿಗಟ್ಟಲೆ ಮಂಡಕ್ಕಿ, ಬಿಸಿ ಮಿರ್ಚಿ, ಚಹಾ ಒಳಗೆ ಬರುತ್ತಿತ್ತು. ಆ ವಾಸನೆ ಮೂಗಿಗೆ ಹೊಡೆದರೆ ಕಲಮು ಯಾರಿಗೆ ಬೇಕು? ಲಗೂನ ಮುಗಸ್ರಿ ಅಕ್ಕಾರ ಅಂತ ಹಿಂದಿನಿಂದ ಕೂಗು. ನಾನು ಓದಲು ನಿಂತ ಮೊದಲ ದಿನವೇ ಒಬ್ಬ ಬಸುರಿ ಕಣ್ಣು ಕತ್ತಲೆ ಬಂದು ನನ್ನ ಕಾಲ ಬಳಿಯೇ ಕುಸಿದಳು. ಅವತ್ತು ಹದಿನಾರರಿಂದ ಹದಿನೆಂಟಕ್ಕೆ ಜಿಗಿದೆ. ಹಸಿದವರ ಮುಂದೆ ಎರಡೂವರೆ ಪುಟ ಓದುವುದು ಪಾಪ ಅಂದುಕೊಂಡೆ. ಆಮೇಲೆ ಅದೇ ಚಾಳಿಯಾಯಿತು. ಹದಿನೇಳರ ಎದುರಿಗೆ 'ಓದಿ ಹೇಳಿದ್ದೇನೆ' ಅಂತ ಹೆಬ್ಬೆಟ್ಟು ಮಾತ್ರ ಒತ್ತುತ್ತಿದ್ದೆ. ಎಲ್ಲರೂ ನನ್ನನ್ನು ಪುಣ್ಯಾತ್ಗಿತ್ತಿ ಅನ್ನುತ್ತಿದ್ದರು, ನಾನೂ ಹಾಗೇ ನಂಬಿದ್ದೆ. ಕಾಯಲು ಇಟ್ಟ ಬೇಲಿ ಹೊಲ ಮೇಯುತ್ತಿತ್ತು. ಕಂಪನಿಯವರು ಬೇಕಂತಲೇ ಆ ಹೊತ್ತಿಗೆ ಮಿರ್ಚಿ ತರಿಸುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಅವರ ಜಾಣತನ ನನ್ನ ತಪ್ಪಿಗೆ ನೆವ ಆಗುವುದಿಲ್ಲ.

ಮನೆಗೆ ಬಂದು ಹೊನ್ನವ್ವನ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವಳ ಕರಾರು ಓದಿದ್ದೂ ನಾನೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಹೋದಳು.

ದಾರಿ ಇರಲಿಲ್ಲ ಅಂತಲ್ಲ. ಓದಿ ಹೇಳದ ಕಲಮು ಜಾರಿಯಾಗುವುದಿಲ್ಲ ಅಂತ ಕಾನೂನಿನ ಮೊದಲ ಸಾಲೇ ಇದೆ. ಅದಕ್ಕೆ ಸಾಕ್ಷಿಯೂ ಇತ್ತು. ಕರಾರು ಓದುವಾಗಿನ ಸದ್ದೆಲ್ಲ ಆಯಾ ಮಣಿಯೊಳಗೆ ದಾಖಲಾಗಿ ಕೂತಿರುತ್ತದೆ. ಅದನ್ನು ತೆರೆಯಬೇಕಾದರೆ ಓದಿದವರ ಹೆಬ್ಬೆಟ್ಟು ಬೇಕು. ಅಂದರೆ ನನ್ನದು. ಹತ್ತೊಂಬತ್ತು ವರ್ಷದಲ್ಲಿ ನಾನು ಓದಿದ್ದು ಎರಡು ಸಾವಿರದ ನಾನೂರು ಜನರಿಗೆ.

ಆದರೆ ನನ್ನ ಕಿವಿಯ ಹಿಂದೆಯೂ ಒಂದು ಮಣಿ ಇತ್ತಲ್ಲ. ಓದುಗರ ಕರಾರಿನಲ್ಲಿ ಸ್ಪಷ್ಟವಾಗಿದೆ: ಸುಳ್ಳು ಹೆಬ್ಬೆಟ್ಟು ಒತ್ತಿದವರು ಕೆಲಸ ಕಳೆದುಕೊಳ್ಳುತ್ತಾರೆ, ಅವರ ಓದಿಗೆ ಮೂರು ವರ್ಷ ಬೀಗ. ಕರಾರು ಓದುವುದಕ್ಕೆ ಮಾತ್ರವಲ್ಲ, ಇಡೀ ಓದಿಗೆ. ಬಸ್ಸಿನ ಬೋರ್ಡು, ಔಷಧದ ಚೀಟಿ, ಯಾವುದೂ ತಿಳಿಯುವುದಿಲ್ಲ. ನನ್ನ ಕರಾರನ್ನು ಮಾತ್ರ ನನಗೆ ಪೂರ್ತಿ ಓದಿ ಹೇಳಿದ್ದರು, ಒಂದು ಅಕ್ಷರ ಬಿಟ್ಟಿರಲಿಲ್ಲ. ನನಗೆ ಮಕ್ಕಳಿಲ್ಲ, ಗಂಡ ತೀರಿ ಎಂಟು ವರ್ಷ. ಸಂಜೆ ಕಟ್ಟೆಯ ಮೇಲೆ ಕೂತು ಪೇಪರು ಓದಿ ಓಣಿಯವರಿಗೆ ಹೇಳುವುದೇ ನನ್ನ ಬದುಕಾಗಿತ್ತು. ಓದು ಹೋದರೆ ನಾನು ಯಾರು ಅಂತ ಯೋಚಿಸಿ ಹೆದರಿದೆ. ಹೆದರಿದ್ದನ್ನು ಮುಚ್ಚಿಡುವುದಿಲ್ಲ.

ಆದರೂ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆ. ಹೊನ್ನವ್ವನ ಮಣಿಯ ದಾಖಲೆ ತೆರೆಯಬೇಕು ಅಂತಷ್ಟೇ ಬರೆದಿದ್ದೆ. ಯಾಕೆ ಅಂತ ಬರೆಯುವ ಧೈರ್ಯ ಬರಲಿಲ್ಲ. ಕಂಪನಿಗೆ ಅಷ್ಟು ಸಾಕಾಯಿತು. ಮೇನೇಜರ್ ಪಟ್ಟಣಶೆಟ್ಟಿಯವರು ನನ್ನನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ಮನೆಯ ಯೋಗಕ್ಷೇಮ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಒಬ್ಬಳ ಕರಾರು ಓದುವಾಗ ಕಣ್ತಪ್ಪಿ ಒಂದು ಕಲಮು ಬಿಟ್ಟುಹೋಗುವುದು ಸಹಜ, ಅದು ಸುಳ್ಳಲ್ಲ, ಪೊರಪಾಟು. ಹಾಗಂತ ಒಂದು ಹೇಳಿಕೆ ಬರೆದುಕೊಟ್ಟರೆ ಹೊನ್ನವ್ವನ ಬೀಗ ಇವತ್ತೇ ತೆಗೆಸುತ್ತೇವೆ, ನಿಮ್ಮ ಮಣಿಗೂ ಏನೂ ಆಗುವುದಿಲ್ಲ. ಉಳಿದವರ ಕರಾರನ್ನು ಸರಿಯಾಗಿ ಓದಿದ್ದೇನೆ ಅಂತ ಕೆಳಗೆ ಒಂದು ಸಾಲು ಸೇರಿಸಿ, ಅಷ್ಟೇ.

ಸುಳ್ಳು ಹೇಳಬಾರದು, ನನ್ನ ಜೀವ ತಣ್ಣಗಾಯಿತು. ಹಾಳೆ ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಮನೆಗೆ ಬಂದೆ. ಹೊನ್ನವ್ವ ಪಡಸಾಲೆಯಲ್ಲಿ ಕೂತು ಅವರೆಕಾಯಿಯನ್ನು ಹಲ್ಲಿನಿಂದ ಸೀಳಿ ಬಿಡಿಸುತ್ತಿದ್ದಳು. ಹಾಳೆಯಲ್ಲಿದ್ದದ್ದನ್ನು ಓದಿ ಹೇಳಿದೆ, ಕೊನೆಯ ಸಾಲನ್ನೂ ಬಿಡಲಿಲ್ಲ. ಅವಳು ಬಾಯೊಳಗಿನ ಸಿಪ್ಪೆ ಉಗುಳಿ, ಎಷ್ಟೋ ದಿನದ ಮೇಲೆ ನನ್ನ ಜೊತೆ ಮಾತಾಡಿದಳು.

"ವೈನಿ, ನನ್ನೊಬ್ಬಾಕಿ ಬೆರಳ ಬಿಡಿಸಿಕೊಂಡು ಏನ ಮಾಡ್ಲಿ? ಮುಯ್ಯಾಗ ಇಪ್ಪತ್ತು ಮಂದಿ ಅದೀವಿ. ಅವರು ಕೈ ಮಡಚಿಕೊಂಡು ಕುಂದ್ರಬೇಕು, ನಾ ಅವರ ಮುಂದ ಬೆರಳ ಆಡಿಸ್ಕೋಂತ ನಿಂದ್ರಬೇಕೇನು? ಅಂಥಾ ಬೆರಳ ನನಗ ಬ್ಯಾಡ."

ಇನ್ನೊಂದು ಕಾಯಿಯನ್ನು ಹಲ್ಲಿನಿಂದ ಸೀಳಿ ಮತ್ತೆ ಅಂದಳು, "ನೀ ಓದು ಕಳಕೋ ಅಂತ ನಾ ಹೇಳಂಗಿಲ್ಲ. ಅದು ನಿಂದು. ಆದ್ರ ನನ್ನ ಹೆಸರ ಹಿಡದು ಆ ಹಾಳಿಗೆ ಸಹಿ ಮಾಡಬ್ಯಾಡ."

ಆ ಮಾತು ನೆಟ್ಟಗೆ ಎದೆಗೆ ಬಂದು ಕೂತಿತು. ನನ್ನ ತಪ್ಪಿನಿಂದ ಬೆರಳು ಕಳೆದುಕೊಂಡವಳು ಆ ಬೆರಳನ್ನೇ ಬೇಡ ಅನ್ನುತ್ತಿದ್ದಾಳೆ, ನಾನು ಅಕ್ಷರ ಅಪ್ಪಿಕೊಂಡು ಕೂತಿದ್ದೇನೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಹಾಳೆಯನ್ನು ಒಲೆಗೆ ಹಾಕಿದೆ. ಮರುದಿನ ಅರ್ಜಿ ತಿದ್ದಿ, ಎರಡು ಸಾವಿರದ ನಾನೂರು ಮಣಿಯನ್ನೂ ತೆರೆಯಬೇಕು ಅಂತ ಬರೆದೆ. ಯಾಕೆ ಅಂತಲೂ ಬರೆದೆ.

ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು, ದೂರದಿಂದಲೇ ಮಣಿ ತೆರೆಯುವ ಯಂತ್ರ ಇದ್ದದ್ದು ಅಲ್ಲೇ. ಕಾರ್ಮಿಕ ಅಧಿಕಾರಿ ಜಬೀನ್ ಮುಲ್ಲಾ ಮೇಡಂ ನಡುವೆ ಕೂತರು. ಕಂಪನಿಯ ವಕೀಲರು ಒಂದು ಕಡೆ, ನಾನು ಇನ್ನೊಂದು ಕಡೆ. ಹಿಂದೆ ಗೋಡೆಗೆ ಒರಗಿ ಹೊನ್ನವ್ವ ಮತ್ತು ಅವಳ ಮುಯ್ಯಿಯ ಹೆಂಗಸರು. ವಕೀಲರು ಮೊದಲು ನನ್ನನ್ನು ಸುಳ್ಳಿ ಅಂದರು. ನಾದಿನಿಗಾಗಿ ಕಥೆ ಕಟ್ಟಿದ್ದಾಳೆ ಅಂದರು. ಹತ್ತೊಂಬತ್ತು ವರ್ಷ ಪ್ರತಿ ಕಲಮಿನ ಎದುರಿಗೂ ಹೆಬ್ಬೆಟ್ಟು ಒತ್ತಿದವಳು ಈಗ ಇಲ್ಲ ಅಂದರೆ ಯಾರು ನಂಬುತ್ತಾರೆ ಅಂತ ಕೇಳಿದರು.

"ನನ್ನ ನಂಬಬ್ಯಾಡ್ರಿ," ಅಂದೆ. "ಮಣಿ ಕೇಳ್ರಿ."

ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟೆ. ಬಾಳಿಗಾ ಮೊದಲು ಹೊನ್ನವ್ವನ ಮಣಿ ತೆರೆದ. ಆರು ವರ್ಷದ ಹಿಂದಿನ ನನ್ನ ದನಿ ಕೋಣೆ ತುಂಬಿತು. ಹದಿನಾರನೇ ಕಲಮು, ವಾರದ ರಜೆ. ಆಮೇಲೆ ಬುಟ್ಟಿ ಇಳಿಸಿದ ಸದ್ದು, ಮಂಡಕ್ಕಿ ಸುರಿದ ಸದ್ದು, ಯಾರೋ ಚಟ್ನಿ ಕೇಳಿದ್ದು. ಮತ್ತೆ ನನ್ನ ದನಿ: "ಹದಿನೆಂಟನೇ ಕಲಮು, ಸಮವಸ್ತ್ರ." ಮುಲ್ಲಾ ಮೇಡಂ ಇನ್ನೊಂದು ತೆರೆಯಿರಿ ಅಂದರು. ಅದರಲ್ಲೂ ಹದಿನಾರು, ಮಂಡಕ್ಕಿ, ಹದಿನೆಂಟು. ಯಂತ್ರದಿಂದ ಚೀಟಿ ಎತ್ತಿಸಿ ನಲವತ್ತು ಮಣಿ ತೆರೆಸಿದರು. ನಲವತ್ತರಲ್ಲೂ ಅದೇ. ಮೂವತ್ತನೆಯದರ ಹೊತ್ತಿಗೆ ಹಿಂದೆ ನಿಂತ ಹೆಂಗಸರು ನಗತೊಡಗಿದ್ದರು. ನನಗೆ ಮಾತ್ರ ಒಂದೊಂದು ಸಲವೂ ಚಡಿ ಏಟು ಬಿದ್ದಂತಾಗುತ್ತಿತ್ತು.

ವಕೀಲರು ಮಾತು ಬದಲಿಸಿದರು. ಇದು ಓದುಗಿಯ ತಪ್ಪು, ಅವಳನ್ನು ಶಿಕ್ಷಿಸಿ, ಕಂಪನಿಯ ಕಲಮಿಗೆ ಯಾಕೆ ಕೈ ಹಾಕುತ್ತೀರಿ ಅಂದರು. ಮುಲ್ಲಾ ಮೇಡಂ ನನ್ನ ಕಡೆ ತಿರುಗಿ, ಶಿಕ್ಷೆ ಏನು ಅಂತ ನಿಮಗೆ ಗೊತ್ತಲ್ಲ ಅಂತ ಕೇಳಿದರು.

"ಗೊತ್ತೈತ್ರಿ. ನಂದು ತಪ್ಪು, ನನಗ ಶಿಕ್ಷಾ ಕೊಡ್ರಿ. ನಾ ಹೊಟ್ಟಿ ನೋಡಿ ಓದಿದೆ, ಕೈ ನೋಡಿ ಓದಲಿಲ್ಲ. ಆದ್ರ ನನ್ನ ತಪ್ಪು ಕಂಪನಿಗೆ ಗಳಿಕಿ ಆಗಬಾರದು. ಉಪ್ಪು ಹಿಡಿಯೋದು ಯಾರ ಕಂಪನಿ ಕಲಿಸ್ತು ಇವರಿಗೆ?"

ವಕೀಲರು ಕಾಗದ ತಿರುವತೊಡಗಿದರು.

ಆದೇಶ ಬರೆಯಲು ಮೇಡಂ ಒಂದು ಗಂಟೆ ತೆಗೆದುಕೊಂಡರು. ಒಂಬತ್ತು ಕಲಮಿನ ಆದೇಶ. ಅದೂ ಗಟ್ಟಿಯಾಗಿ ಓದಿದ ಮೇಲೆಯೇ ಜಾರಿಯಾಗಬೇಕು, ಓದಲು ನೋಂದಾಯಿತ ಓದುಗರು ಬೇಕು. ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ಮೇಡಂ ಹಾಳೆ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಬೇರೆ ಊರಿನಿಂದ ಇನ್ನೊಬ್ಬರನ್ನು ಕರೆಸುತ್ತೇನೆ, ನಾಳೆ ಓದಿಸೋಣ ಅಂದರು. ನಾಳೆ ಅಂದರೆ ಹೊಲದಲ್ಲಿ ಇನ್ನೊಂದು ಸಂಜೆಯ ಮೊಗ್ಗು ಹಾಳು. ನಾನು ಕೈ ಚಾಚಿದೆ.

ಎದ್ದು ನಿಂತು ಓದಿದೆ. ಮೊದಲನೆಯದು, ಹದಿನೇಳನೇ ಕಲಮು ಈ ಎರಡು ಸಾವಿರದ ನಾನೂರು ಜನರಿಗೆ ಅನ್ವಯಿಸುವುದಿಲ್ಲ. ಎರಡನೆಯದು, ಹಾಕಿದ ಬೀಗಗಳನ್ನೆಲ್ಲ ತಕ್ಷಣ ತೆಗೆಯತಕ್ಕದ್ದು. ಹೀಗೆ ಎಂಟರವರೆಗೆ. ಒಂದೊಂದು ಅಕ್ಷರವನ್ನೂ ನಿಧಾನವಾಗಿ ನೋಡಿದೆ. ಳ ಅಕ್ಷರದ ಸುಳಿ, ಥ ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿ, ಎಲ್ಲವನ್ನೂ ನೋಡಿಕೊಂಡೆ. ಒಂಬತ್ತನೆಯದರ ಹತ್ತಿರ ಬಂದಾಗ ಮೇಡಂ ಹಾಳೆಯ ಮೇಲೆ ಕೈ ಇಟ್ಟು, ಅದೊಂದನ್ನು ಬೇಕಾದರೆ ಬಿಡಿ, ಆಮೇಲೆ ನೋಡೋಣ ಅಂದರು. ಅವರ ದನಿಯಲ್ಲಿ ಕರುಣೆ ಇತ್ತು. ಇದೇ ಕರುಣೆಯಿಂದಲ್ಲವೇ ನಾನು ಕೆಟ್ಟದ್ದು?

"ಬ್ಯಾಡ್ರಿ ಮೇಡಮ್ಮಾರ. ಇನ್ನ ಒಂದು ಕಲಮೂ ಬಿಡಂಗಿಲ್ಲ ನಾ."

ಒಂಬತ್ತನೆಯದನ್ನೂ ಓದಿದೆ. ಓದುಗಿಯಾದ ಸುಲೋಚನಾ ಹಲಗೇರಿ ಎಂಬವರ ನೇಮಕ ರದ್ದು, ಅವರ ಓದು ಮೂರು ವರ್ಷ ಸ್ತಬ್ಧ. ಪೂರ್ಣವಿರಾಮ ಮುಟ್ಟಿ ತಲೆ ಎತ್ತಿ ಮತ್ತೆ ಹಾಳೆ ನೋಡಿದೆ. ಸಾಲುಗಳಿದ್ದವು. ಅದು ಯಾವ ಭಾಷೆ ಅಂತ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಳಿಗಾ ಏನೋ ಒತ್ತಿದ, ಗೋಡೆಯ ಮೇಲಿನ ಕೆಂಪು ಚುಕ್ಕಿಗಳು ಒಂದೊಂದಾಗಿ ಆರಿದವು. ನಾನು ಹಾಳೆ ಹಿಡಿದು ಹಾಗೇ ನಿಂತಿದ್ದೆ. ಹೊನ್ನವ್ವ ಹಿಂದಿನಿಂದ ಬಂದು ನನ್ನ ತೋಳನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ಚಿವುಟಿದಳು. ಇಷ್ಟು ದಿನದ ಸಿಟ್ಟೆಲ್ಲ ಅದರಲ್ಲಿತ್ತು. ಆಮೇಲೆ ಅದೇ ಕೈಯಿಂದ ನನ್ನ ಸೆರಗು ಸರಿ ಮಾಡಿ, ಹೊತ್ತಾತು ನಡಿ, ಮೊಗ್ಗು ಅರಳತಾವು ಅಂದಳು. ಅವತ್ತು ಸಂಜೆ ಇಪ್ಪತ್ತು ಮಂದಿ ಫಕೀರವ್ವನ ಹೊಲಕ್ಕಿಳಿದರು. ನಾನು ಬದುವಿನ ಮೇಲೆ ಕೂತು ನೋಡಿದೆ.

ಈಗ ಹನ್ನೊಂದು ತಿಂಗಳಾಯಿತು. ಇದನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಯಂತ್ರ ಬರೆದುಕೊಳ್ಳುತ್ತಿದೆ. ಸರಿಯಾಗಿ ಬರೆಯಿತೋ ಇಲ್ಲವೋ ನೋಡುವ ಹಾಗಿಲ್ಲ. ಔಷಧದ ಬಾಟಲಿಯನ್ನು ಮುಚ್ಚಳದ ಬಣ್ಣದಿಂದ ಗುರುತು ಹಿಡಿಯುತ್ತೇನೆ, ಬಸ್ಸನ್ನು ಡ್ರೈವರನ ಮುಖ ನೋಡಿ. ಕೆಲವು ದಿನ ಅಳು ಬರುತ್ತದೆ, ಅಳುತ್ತೇನೆ.

ಆದರೆ ಮಣಿ ಕೂರಿಸುವ ದಿನ ತಪ್ಪದೆ ಹಾಲ್‌ಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಕರಾರು ಎಲ್ಲರಿಗೂ ಕೇಳುವಂತೆ ಓದಬೇಕು ಅಂತ ಕಾನೂನಿದೆ, ಯಾರು ಕೇಳಬಾರದು ಅಂತ ಎಲ್ಲೂ ಇಲ್ಲ. ನಲವತ್ತೊಂದು ಕಲಮೂ ನನಗೆ ಬಾಯಿಪಾಠ. ಹದಿನೇಳನೆಯದನ್ನು ಇತ್ತೀಚೆಗೆ ಕೇಳಿ ಕೇಳಿ ಕಲಿತೆ. ಅದು ಬಂದಾಗ ಹೊಸಬರು ಎದ್ದು ಪ್ರಶ್ನೆ ಕೇಳುತ್ತಾರೆ, ಮೂರು ಜನ ಮಣಿ ತೆಗೆಸಿಕೊಂಡು ಮನೆಗೆ ಹೋಗಿದ್ದೂ ಇದೆ. ಹೋದ ವಾರ ಹೊಸ ಓದುಗಿ, ಪಾಪ, ಇನ್ನೂ ಎಳೆಯ ಹುಡುಗಿ, ಹದಿಮೂರನೆಯದನ್ನು ಅರ್ಧಕ್ಕೆ ಬಿಟ್ಟು ಹಾಳೆ ತಿರುವಿದಳು. ನಾನು ಎದ್ದು ನಿಂತೆ. ಬಾಗಿಲಲ್ಲಿದ್ದ ಪಟ್ಟಣಶೆಟ್ಟಿಯವರು ಒಳಗೆ ಬಂದು, ನೀವು ಇಲ್ಲಿ ಯಾವ ಕರಾರಿನ ಮೇಲೆ ಕೂತಿದ್ದೀರಿ ಅಂತ ಎಲ್ಲರೆದುರು ಕೇಳಿದರು.

"ಯಾವ ಕರಾರೂ ಇಲ್ರಿ," ಅಂದೆ. "ಅದಕ್ಕ ನನ್ನ ಎಬ್ಬಿಸಾಕ ನಿಮಗ ಬರಂಗಿಲ್ಲ."

ಅವರು ಹೊರಗೆ ಹೋದರು. ಹುಡುಗಿ ಹದಿಮೂರನೇ ಕಲಮನ್ನು ಮೊದಲಿನಿಂದ ಓದಲು ಶುರು ಮಾಡಿದಳು.